ಸಂಜೆಗೆ ಕಟ್ಟಿಹಾಕಿದ ಕಂಪ್ಯೂಟರ್

ಬಂಗಾರಪೇಟೆಯ ನಮ್ಮ ಹೊಲಿಗೆ ಅಂಗಡಿಗೆ ರವಿಕೆಯ ಅಳತೆ ಕೊಡಲು ಬರುವ ಹೆಂಗಸರು ಮೊದಲು ಕನ್ನಡಿ ನೋಡಿಕೊಳ್ಳುತ್ತಾರೆ, ಆಮೇಲೆ ಕಂಪ್ಯೂಟರಿನ ಸ್ವಿಚ್ಚಿಗೆ ನೇತುಹಾಕಿರುವ ತಗಡನ್ನು ನೋಡುತ್ತಾರೆ. ಅಂಗೈಯಗಲದ ತಗಡು. ಬಳಿದ ಕೆಂಪು ಬಣ್ಣ ಅರ್ಧಕ್ಕರ್ಧ ಉದುರಿದೆ. ಮೇಲೊಂದು ತೂತು, ತೂತಿಗೊಂದು ತಂತಿ. "ದೃಷ್ಟಿಗೆ ಕಟ್ಟಿದ್ದೀರಾ ಅಕ್ಕಾ?" ಎಂದು ಕೇಳಿದವರಿದ್ದಾರೆ. ಹೌದು ಎಂದುಬಿಡುತ್ತೇನೆ. ನಿಜ ಹೇಳಲು ಹೊರಟರೆ ಚಿನ್ನದ ಗಣಿಯ ಪಂಪಿನಿಂದ ಹಿಡಿದು ಕ್ಯಾಸಂಬಳ್ಳಿಯ ಹಸುವಿನವರೆಗೆ ಹೇಳಬೇಕಾಗುತ್ತದೆ, ಅಷ್ಟರಲ್ಲಿ ಅವರ ಬಸ್ಸು ಹೊರಟುಹೋಗುತ್ತದೆ. ನಿಮಗೇನೂ ಬಸ್ಸಿನ ಅವಸರ ಇಲ್ಲವಲ್ಲ, ಕೂತುಕೊಳ್ಳಿ.

ಅಂಗಡಿ ಎಂದರೆ ಬೇರೆಲ್ಲೋ ಇಲ್ಲ, ನಮ್ಮ ಮನೆಯ ಮುಂದಿನ ಕೋಣೆಯೇ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದ ಮೇಜು, ಮೂಲೆಯಲ್ಲಿ ಕಂಪ್ಯೂಟರ್. ಹಿಂದೆಲ್ಲ ರವಿಕೆ ಎಂದರೆ ರವಿಕೆ ಅಷ್ಟೇ. ಈಗ ಬೆನ್ನಿಗೆ ನವಿಲು ಬೇಕು, ತೋಳಿಗೆ ಆನೆ ಬೇಕು, ಮದುವಣಗಿತ್ತಿಯಾದರೆ ಪಲ್ಲಕ್ಕಿಯನ್ನೇ ಬೆನ್ನ ಮೇಲೆ ಹೊರಬೇಕು. ಆ ಚಿತ್ರಗಳೆಲ್ಲ ಕಂಪ್ಯೂಟರಿನಲ್ಲಿವೆ. ಗಿರಾಕಿ ಪಕ್ಕದಲ್ಲಿ ಕೂತು ಇದು ಬೇಡ, ಅದು ಬೇಡ ಎನ್ನುತ್ತ ಹೋಗುತ್ತಾರೆ, ನಾನು ಗುಂಡಿ ಒತ್ತುತ್ತ ಹೋಗುತ್ತೇನೆ. ನನ್ನ ಕಂಪ್ಯೂಟರ್ ವಿದ್ಯೆ ಅಲ್ಲಿಗೆ ಮುಗಿಯಿತು. ಆದರೆ ಬೀದಿಯಲ್ಲಿ ನನಗೆ ಕಂಪ್ಯೂಟರ್ ಬಲ್ಲವಳೆಂಬ ಹೆಸರಿದೆ. ಅದಾಗಿಯೇ ಬಂದ ಹೆಸರನ್ನು ಯಾಕೆ ಕೆಡಿಸಿಕೊಳ್ಳಬೇಕು ಎಂದು ನಾನೂ ಸುಮ್ಮನಿದ್ದೇನೆ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಈ ಕಂಪ್ಯೂಟರಿಗೆ ಏನೋ ಬಡಿಯಿತು. ಒಂದು ದಿನ ಗಿರಾಕಿಯೊಬ್ಬರಿಗೆ ನವಿಲು ತೋರಿಸಲು ಕೂತೆ. ಮೊದಲು ಜುಟ್ಟು ಬಂತು. ಕತ್ತು ಬರುವಷ್ಟರಲ್ಲಿ ಅವರು ನೀರು ಕೇಳಿ ಕುಡಿದರು. ರೆಕ್ಕೆ ಬರುವಷ್ಟರಲ್ಲಿ ಅವರ ನಾದಿನಿಯ ಸಂಸಾರದ ಕಥೆ ಪೂರ್ತಿ ಮುಗಿಯಿತು. ಗರಿ ಮಾತ್ರ ಬರಲೇ ಇಲ್ಲ. "ಇರ್ಲಿ ಬಿಡಕ್ಕಾ, ಇಷ್ಟಕ್ಕೇ ಕೋಳಿ ಅನ್ಕೊಂಡು ಆಕ್ಬಿಡು" ಎಂದು ನಗುತ್ತ ಎದ್ದುಹೋದರು. ನನಗೂ ನಗು ಬಂತು. ಆದರೆ ಆ ದಿನಗಳಲ್ಲಿ ಕಂಪ್ಯೂಟರಿನಿಂದ ನನಗೆ ಆಗಬೇಕಾಗಿದ್ದ ಕೆಲಸ ನವಿಲಿನದಲ್ಲ, ನನ್ನ ಅಮ್ಮನದು.

ಅಮ್ಮನ ವಿಷಯ ಹೀಗೆ. ಅವಳ ತವರು ಕ್ಯಾಸಂಬಳ್ಳಿ. ಹಸು, ರಾಗಿ ಹೊಲ, ತರಕಾರಿ ಮಡಿ, ಇವುಗಳ ನಡುವೆ ಬೆಳೆದ ಒಬ್ಬಳೇ ಮಗಳು. ಅಣ್ಣತಮ್ಮಂದಿರಿಲ್ಲ. ಹಾಗಾಗಿ ಮಹಾಲಯ ಅಮಾವಾಸ್ಯೆಯ ದಿನ ಅವಳ ತಂದೆತಾಯಿಗೆ ಎಡೆ ಇಡುವುದು ನಮ್ಮ ಮನೆಯಲ್ಲೇ. ತಾತನದೊಂದು ಪಟವಿದೆ, ಕೋಟು ಹಾಕಿಕೊಂಡು ಯಾರೋ ಗದರಿದಂತೆ ಕೂತಿದ್ದಾರೆ. ಅಜ್ಜಿಯದು ಒಂದೂ ಇರಲಿಲ್ಲ. ಪ್ರತಿವರ್ಷ ಅಮ್ಮ ತಾತನ ಪಟದ ಪಕ್ಕದ ಮಣೆಯ ಮೇಲೆ ಮಡಿಸಿದ ಸೀರೆಯೊಂದನ್ನು ಇಟ್ಟು, ಅದಕ್ಕೇ ಕುಂಕುಮ ಹಚ್ಚಿ, ಅದರ ಮುಂದೆಯೇ ಎಡೆ ಬಡಿಸುತ್ತಿದ್ದಳು.

ಅಜ್ಜಿಗೆ ಕ್ಯಾಮೆರಾ ಕಂಡರೆ ಭಯವೇನೂ ಇರಲಿಲ್ಲ, ತಾತ್ಸಾರ ಇತ್ತು. "ನನ್ ಮೊಕ ನೋಡ್ಬೇಕು ಅಂದ್ರೆ ಏಳಿ ಕಳ್ಸಿ, ನಾನೇ ಬತ್ತೀನಿ. ಪಟ ಯಾಕೆ?" ಎನ್ನುತ್ತಿದ್ದರಂತೆ. ಮದುವೆ ಮನೆಗಳಲ್ಲಿ ಫೋಟೊದವನು ಬಂದರೆ ಅಜ್ಜಿಗೆ ಅಡುಗೆಯ ಕಡೆ ತುರ್ತು ಕೆಲಸ ನೆನಪಾಗುತ್ತಿತ್ತು. ಅದೂ ಆಗದಿದ್ದರೆ ನೆಲದ ಮೇಲೆ ಏನೋ ಬಿದ್ದುಹೋಗಿ ಹುಡುಕಲು ಬಗ್ಗುತ್ತಿದ್ದರು. ಅಮ್ಮನ ಮದುವೆಯ ಫೋಟೊದಲ್ಲಿ ಅಜ್ಜಿ ನಿಂತಿರಬೇಕಾದ ಜಾಗದಲ್ಲಿ ಒಂದು ಕೈ, ಕೈಯಲ್ಲೊಂದು ಆರತಿ ತಟ್ಟೆ ಇದೆ ಅಷ್ಟೇ. ಬಳೆ ನೋಡಿ ಅಜ್ಜಿ ಎಂದು ಗುರುತು ಹಿಡಿಯಬೇಕು.

ಇಷ್ಟು ವರ್ಷ ಅಮ್ಮನಿಗೆ ಅದು ಕೊರತೆ ಎನಿಸಿರಲಿಲ್ಲ. ಕಳೆದ ವರ್ಷ ಮಾತ್ರ ಒಂದು ಮಧ್ಯಾಹ್ನ ಅಲಸಂದೆಕಾಯಿ ಸುಲಿಯುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. "ನಮ್ಮಮ್ಮನ ಮೊಕ ಮರ್ತೋಗ್ತೈತೆ ಕಣೇ" ಎಂದಳು. "ಕನಸಿಗೆ ಬತ್ತಾಳೆ, ಆದ್ರೆ ಬೆನ್ನು ಮಾಡ್ಕೊಂಡು ನಿಂತಿರ್ತಾಳೆ. ಕೂಗಿದ್ರೂ ತಿರುಗಲ್ಲ. ಒಂದ್ ಪಟ ಇದ್ದಿದ್ರೆ ಚೆನ್ನಾಗಿರ್ತಿತ್ತು." ಅಷ್ಟು ಹೇಳಿ ಮತ್ತೆ ಅಲಸಂದೆಕಾಯಿ ಸುಲಿಯತೊಡಗಿದಳು. ಅಮ್ಮ ಅಪ್ಪನ ಮೇಲೆ, ಹಾಲಿನವನ ಮೇಲೆ, ಕರೆಂಟಿನವರ ಮೇಲೆ ದಿನವೂ ದೂರು ಹೇಳುವವಳು. ತನಗಾಗಿ ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿರಲಿಲ್ಲ. ನನಗೆ ತುಂಬ ನೋವಾಯಿತು.

ಮರುದಿನದಿಂದಲೇ ನೆಂಟರ ಮನೆಗಳಿಗೆ ದಂಡಯಾತ್ರೆ ಹೊರಟೆ. ಕ್ಯಾಸಂಬಳ್ಳಿಯ ದಾಯಾದಿಗಳ ಮನೆ, ಅಮ್ಮನ ಚಿಕ್ಕಮ್ಮನ ಮನೆ, ಎಲ್ಲಿ ಹಳೆಯ ಮದುವೆ ಆಲ್ಬಮ್ ಇದೆಯೋ ಅಲ್ಲೆಲ್ಲ ಹೋಗಿ ಬೇಡಿ ತಂದೆ. ಬರಿಗಣ್ಣಿಗೆ ಅಜ್ಜಿ ಸಿಗಲಿಲ್ಲ. ಆದರೆ ಹಳೆಯ ಫೋಟೊಗಳಲ್ಲಿ ಹಿಂದೆ ನಿಂತವರ ಮುಖ ಹುಣಸೆ ಬೀಜದಷ್ಟಿರುತ್ತದೆ, ದೊಡ್ಡದು ಮಾಡಿ ನೋಡಿದರೆ ಸಿಕ್ಕರೂ ಸಿಕ್ಕೀತು ಎಂಬ ಆಸೆ. ಒಂದು ಸ್ಕ್ಯಾನರ್ ತಂದು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದೆ, ಆಲ್ಬಮ್ಮುಗಳನ್ನು ಹಿಂತಿರುಗಿಸಿದೆ. ಸ್ಕ್ಯಾನರಿನ ಜೊತೆಗೆ ಫೋಟೊ ಜೋಡಿಸಿಡುವ ತಂತ್ರಾಂಶವೊಂದು ಬಂದಿತ್ತು, ಅದನ್ನೂ ಹಾಕಿಕೊಂಡೆ. ಅದು ಏನೇನೋ ಕೇಳಿತು, ನಾನು ಎಲ್ಲಕ್ಕೂ ಹೂಂ ಎಂದೆ. ಕಂಪ್ಯೂಟರ್ ಬಲ್ಲವರ ಲಕ್ಷಣವೇ ಅದು.

ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಡುಕಲು ಶುರುಮಾಡಿದ್ದೇ ತಡ, ಕಂಪ್ಯೂಟರ್ ಕಾಲು ಮುರಿದುಕೊಂಡಿತು. ಒಂದು ಫೋಟೊ ತೆರೆಯುವಷ್ಟರಲ್ಲಿ ಅಮ್ಮ ಎದ್ದು ಸಾರಿಗೆ ಒಗ್ಗರಣೆ ಹಾಕಿ ಬರುತ್ತಿದ್ದಳು. ದೊಡ್ಡದು ಮಾಡಲು ಹೋದರೆ ತೆರೆ ಬಿಳಿಚಿಕೊಂಡು ನಿಂತುಬಿಡುತ್ತಿತ್ತು. ಅಮಾವಾಸ್ಯೆ ಹತ್ತಿರ ಬರುತ್ತಿತ್ತು. "ಓಗ್ಲಿ ಬಿಡು, ಸೀರೆ ಐತಲ್ಲ" ಎಂದು ಅಮ್ಮ ನನ್ನನ್ನೇ ಸಮಾಧಾನ ಮಾಡಿದಳು. ಅದು ಇನ್ನೂ ಕಷ್ಟವಾಯಿತು.

ಕಂಪ್ಯೂಟರ್ ರಿಪೇರಿಯ ಸೆಲ್ವನಿಗೆ ಫೋನು ಮಾಡಿದೆ. ಸೆಲ್ವ ಚಿನ್ನದ ಗಣಿಗಳಲ್ಲೊಂದಾದ ಮೈಸೂರು ಮೈನ್ಸಿನ ಕಡೆಯವನು. ಬಾಯಿ ತೆರೆದರೆ ತಮಿಳು, ಕನ್ನಡ ಎರಡೂ ಒಟ್ಟಿಗೇ ಹೊರಡುತ್ತವೆ. ಅವನ ಹತ್ತಿರ ಸಕಲ ರೋಗಕ್ಕೂ ಒಂದೇ ಕಷಾಯ.

"ಅಕ್ಕಾ, ಫಾರ್ಮ್ಯಾಟ್ ಹಾಕಿಬಿಡೋಣ. ಎಲ್ಲಾ ಅಳಿಸಿಬಿಟ್ರೆ ಪುದುಸಾ ಆಗ್ಬಿಡುತ್ತೆ, ಹೊಸಾದು ಥರ!"

"ಎಲ್ಲ ಅಳಿಸಿದರೆ ನನ್ನ ಫೋಟೊ?"

"ಆಮಾಕ್ಕಾ, ಅದೂ ಹೋಗುತ್ತೆ. ಬೇಕಂದ್ರೆ ಮೊದಲು ಕಾಪಿ ಮಾಡಿ ಇಟ್ಕೊಳ್ಳಿ."

ಕಾಪಿ ಮಾಡಲು ಹೋದೆ. ಒಂದು ಹಸಿರು ಗೆರೆ ಮೂಡಿ, ಬೆರಳಗಲ ಹರಿದು, ಅಲ್ಲೇ ನಿದ್ದೆ ಹೋಯಿತು. ಮತ್ತೆ ಸೆಲ್ವನಿಗೆ ಫೋನು. ಈ ಸಲ ಅವನು ಟಾಸ್ಕ್ ಮ್ಯಾನೇಜರ್ ಎಂಬುದನ್ನು ತೆರೆಯುವುದು ಹೇಗೆಂದು ಹೇಳಿಕೊಟ್ಟ. ತೆರೆದು ನೋಡಿದರೆ ನನಗೆ ದಿಗಿಲಾಯಿತು. ನಾನೊಬ್ಬಳೇ ಕೂತು ಒಂದು ನವಿಲು ನೋಡುತ್ತಿದ್ದೇನೆ ಎಂದುಕೊಂಡಿದ್ದರೆ, ತೆರೆಯ ಹಿಂದೆ ಒಂದು ಊರೇ ಕೆಲಸ ಮಾಡುತ್ತಿತ್ತು. ಅವುಗಳಲ್ಲಿ ಒಂದರ ಹೆಸರು ಬಾಯಿಗೆ ಬಾರದಂಥ ಇಂಗ್ಲಿಷ್ ಅಕ್ಷರಗಳ ಸರಪಳಿ. ಕಂಪ್ಯೂಟರಿನ ಶಕ್ತಿಯನ್ನೆಲ್ಲ ಅದೊಂದೇ ನುಂಗಿ ಕೂತಿತ್ತು. ಮಿಕ್ಕವರೆಲ್ಲ ಎಂಜಲು ಬಳಿದುಕೊಂಡು ಬದುಕುತ್ತಿದ್ದರು.

ಹೆಸರನ್ನು ಫೋನಿನಲ್ಲಿ ಹಾಕಿ ಹುಡುಕಿದೆ. ಒಬ್ಬ ಇದು ಒಳ್ಳೆಯದು ಎಂದಿದ್ದ, ಇನ್ನೊಬ್ಬ ವೈರಸ್ ಎಂದಿದ್ದ, ಮೂರನೆಯವನು ಇದೇ ಪ್ರಶ್ನೆ ಕೇಳಿ ಉತ್ತರ ಸಿಗದೆ ಅಳುತ್ತಿದ್ದ. "ಗೊತ್ತಿಲ್ಲದ್ದು ಯಾಕಕ್ಕಾ ಇಟ್ಕೊಳ್ತೀರಾ, ಎಂಡ್ ಟಾಸ್ಕ್ ಒತ್ತಿ" ಎಂದ ಸೆಲ್ವ. ಒತ್ತಿದೆ. ಮಾಯವಾಯಿತು. ಕಂಪ್ಯೂಟರ್ ಎಳೆಗರುವಿನಂತೆ ಜಿಗಿಯಿತು. ಖುಷಿಯಿಂದ ಅಮ್ಮನನ್ನು ಕೂಗಿದೆ, ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಅದು ಮತ್ತೆ ಹಾಜರ್. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಎಂಬ ಗಾದೆ ಕಂಪ್ಯೂಟರಿಗೂ ಅನ್ವಯಿಸುತ್ತದೆ ಎಂದು ಗೊತ್ತಿರಲಿಲ್ಲ. ಅಂದಿನಿಂದ ಅದಕ್ಕೂ ನನಗೂ ಕುಸ್ತಿ. ಅದು ಬರುವುದು, ನಾನು ಅದರ ಕುತ್ತಿಗೆ ಹಿಚುಕುವುದು.

ಈ ಕುಸ್ತಿಯನ್ನು ಪಕ್ಕದ ಕುರ್ಚಿಯಲ್ಲಿ ಕೂತು ಅಪ್ಪ ನೋಡುತ್ತಿದ್ದರು. ಅಪ್ಪನನ್ನು ನಿಮಗೆ ಸರಿಯಾಗಿ ಪರಿಚಯ ಮಾಡಿಕೊಡಬೇಕು. ಅವರು ನಂದಿದುರ್ಗ ಗಣಿಯಲ್ಲಿ ನೆಲದಾಳದಲ್ಲಿ ಒಸರುವ ನೀರನ್ನು ಮೇಲೆತ್ತುವ ಪಂಪು ನೋಡಿಕೊಳ್ಳುತ್ತಿದ್ದವರು. ಗಣಿ ನಿಂತ ಮೇಲೆ ನಾವು ಗಣಿಯವರಿಗೆ ಸಾಲಾಗಿ ಕಟ್ಟಿಕೊಟ್ಟಿದ್ದ ಲೈನು ಮನೆ ಬಿಟ್ಟು ಬಂಗಾರಪೇಟೆಗೆ ಬಂದೆವು. ಗಣಿಯಲ್ಲಿ ಚಿನ್ನ ತೆಗೆಯುವವರಿಗೆ ಒಂದು ಗತ್ತು, ಪಂಪಿನವರಿಗೆ ಇನ್ನೊಂದು. ನಿಮ್ಮ ಚಿನ್ನಕ್ಕೆ ರಜಾ ಇದೆ, ನಮ್ಮ ನೀರಿಗೆ ಭಾನುವಾರ ಇಲ್ಲ ಎನ್ನುವುದು ಅಪ್ಪನ ಮಾತು. ಯುಗಾದಿಯ ದಿನವೂ ಒಬ್ಬಟ್ಟು ಕಟ್ಟಿಕೊಂಡು ಕೆಳಗಿಳಿಯುತ್ತಿದ್ದರು. ಮೇಲಿದ್ದವರಿಗೆ ಪಂಪಿನ ಸದ್ದೂ ಕೇಳಿಸುತ್ತಿರಲಿಲ್ಲ. ಅದು ನಡೆಯುತ್ತಿದೆ ಎಂಬುದು ಯಾರಿಗೂ ನೆನಪೇ ಬಾರದಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ. ನಿಂತರೆ ಮಾತ್ರ ನೀರು ಮೊಣಕಾಲಿಗೆ ಬಂದು ನೆನಪು ಮಾಡುತ್ತಿತ್ತಂತೆ.

ಲೈನು ಮನೆಯ ಮಾತು ಬಂದ ಮೇಲೆ ಒಂದು ಹೇಳಿಬಿಡುತ್ತೇನೆ. ನೆಲದಾಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಗಳು ಅಲುಗುತ್ತಿದ್ದವು. ಅಡುಗೆಮನೆಯ ಹಲಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಅಮ್ಮ ಒಲೆ ಬಿಟ್ಟು ಹೊಸಲಿಗೆ ಬಂದು ನಿಲ್ಲುತ್ತಿದ್ದಳು, ಬೀದಿಯ ಉದ್ದಕ್ಕೂ ಹೆಂಗಸರು ಹಾಗೆಯೇ ನಿಂತಿರುತ್ತಿದ್ದರು. ಗಂಡಸರು ಕೆಳಗೆ ಗಣಿಯಲ್ಲಿರುತ್ತಿದ್ದರಲ್ಲ, ಎಲ್ಲರ ಕಣ್ಣೂ ಗಣಿಯ ದಾರಿಯ ಮೇಲೆ. ನಾವು ಮಕ್ಕಳು ಮಾತ್ರ ಯಾವ ಲೋಟ ಬೀಳುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದೆವು. ಒಮ್ಮೆ ಕ್ಯಾಸಂಬಳ್ಳಿಯ ಅಜ್ಜಿ ಹಾಲು, ರಾಗಿಹಿಟ್ಟು ಹೊತ್ತು ಬಂದಿದ್ದಾಗ ಹೀಗಾಯಿತು. ಊಟ ಮುಗಿಸಿ ಗೋಡೆಗೊರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು ಎದ್ದು ಕೂತು, "ಯಾರ್ದೋ ಅಸು ಗೋಡೆಗೆ ಮೈ ಉಜ್ತೈತೆ ನೋಡ್ರೇ, ಓಡ್ಸ್ರೇ!" ಎಂದರು. ಅಮ್ಮ ಹೊಸಲಲ್ಲಿ ನಿಂತವಳು ಅವತ್ತು ನಕ್ಕಳು.

ಅಪ್ಪನಿಗೆ ಲೋಕವೆಲ್ಲ ಪಂಪಾದರೆ ಅಮ್ಮನಿಗೆ ಲೋಕವೆಲ್ಲ ಹಸು. ದುಡಿದದ್ದು ಮಲಗಬೇಕು ಎನ್ನುವುದು ಅವಳ ಶಾಸ್ತ್ರ. ಸಂಜೆ ದೀಪ ಹಚ್ಚಿದ ಕೂಡಲೇ ಮನೆಯ ಯಂತ್ರಗಳನ್ನೆಲ್ಲ ಒಂದೊಂದಾಗಿ ಆರಿಸಿ ಕೊಟ್ಟಿಗೆಗೆ ಕಟ್ಟುತ್ತಾಳೆ. ನಮ್ಮ ಮನೆಗೆ ಫ್ರಿಜ್ಜು ಬಂದ ಹೊಸದರಲ್ಲಿ ಅದಕ್ಕೂ ಬಿಡುವು ಕೊಡುತ್ತಿದ್ದಳು. ಬೆಳಿಗ್ಗೆ ಅದರೊಳಗಿಂದ ಮೊಸರು ಹುಳಿ ವಾಸನೆಯೊಡನೆ ಹೊರಬರುತ್ತಿತ್ತು. "ಇದು ಆರಿಸೋ ಯಂತ್ರ ಅಲ್ಲ ಕಣೇ!" ಎಂದು ಅಪ್ಪ ಕೂಗಾಡಿದರೆ, "ಅಸೂಗೂ ಒಂದ್ ಒತ್ತು ಬಿಡುವು ಐತೆ, ಇದ್ಕೆ ಬ್ಯಾಡ್ವಾ? ಪಾಪ, ಎಂಗೆ ಗುರ್ ಅಂತೈತೆ ನೋಡು" ಎನ್ನುತ್ತಿದ್ದಳು. ಒಬ್ಬರು ಏನೇ ಆದರೂ ನಿಲ್ಲಿಸಬಾರದೆನ್ನುವವರು, ಇನ್ನೊಬ್ಬರು ಹೊತ್ತಿಗೆ ಸರಿಯಾಗಿ ನಿಲ್ಲಿಸಲೇಬೇಕೆನ್ನುವವರು. ಇವರಿಬ್ಬರ ಸಂಸಾರ ಹೇಗೆ ನಡೆಯಿತೋ ಎಂದು ನೀವು ಕೇಳಬಹುದು. ಜಗಳವಾಡುತ್ತ ಚೆನ್ನಾಗಿಯೇ ನಡೆಯಿತು.

ನನ್ನ ಕುಸ್ತಿ ನೋಡಿ ನೋಡಿ ಅಪ್ಪ ಕೊನೆಗೆ ಬಾಯಿಬಿಟ್ಟರು.

"ಏನಮ್ಮಾ ಅದು, ಗಳಿಗೆಗೊಂದ್ ಸಲ ಏನೋ ಸಾಯಿಸ್ತಾ ಇದ್ದೀಯಲ್ಲ?"

"ಏನೋ ಒಂದು ಒಳಗೆ ಓಡ್ತಿದೆ ಅಪ್ಪ. ಅದರಿಂದಲೇ ಎಲ್ಲ ನಿಧಾನ."

"ಏನ್ ಕೆಲ್ಸ ಮಾಡ್ತೈತೆ?"

"ಗೊತ್ತಿಲ್ಲ."

ಅಪ್ಪ ಕುರ್ಚಿಯಲ್ಲೇ ನೆಟ್ಟಗಾದರು. "ಗೊತ್ತಿಲ್ದೇನೇ ನಿಲ್ಲಿಸ್ತಾ ಇದ್ದೀಯಾ? ಒಳ್ಗಡೆ ನೀರು ಏರ್ತಾ ಐತೋ ಏನ್ ಕಥೆಯೋ! ಅಷ್ಟ್ ಜೋರಾಗಿ ದುಡೀತೈತೆ ಅಂದ್ರೆ ಅದಕ್ಕೇನೋ ಅವಸರ ಐತೆ."

"ಇದರಲ್ಲಿ ನೀರಿಲ್ಲಪ್ಪಾ" ಎಂದೆ.

"ನೀನ್ ಇಳಿದು ನೋಡಿದ್ದೀಯಾ?"

ನಾನು ಮತ್ತೆ ಮೌಸಿನ ಕಡೆ ತಿರುಗಿದೆ. ಅಪ್ಪ ಮಾತ್ರ ಬಿಡಲಿಲ್ಲ. "ಓಗ್ಲಿ, ಒಂದಿನಾನಾದ್ರೂ ಅದನ್ನ ಕೆಲ್ಸ ಮುಗ್ಸೋಕೆ ಬಿಟ್ಟಿದ್ದೀಯಾ?" ಎಂದು ಕೇಳಿದರು. ಯೋಚಿಸಿದೆ. ಹಗಲೆಲ್ಲ ನಾನು ಅದರ ಕತ್ತು ಹಿಚುಕುತ್ತಿದ್ದೆ. ನನ್ನ ಕೈ ತಪ್ಪಿಸಿಕೊಂಡು ಅದು ಅಷ್ಟಿಷ್ಟು ಓಡಿದ್ದರೆ, ದೀಪ ಹಚ್ಚುವ ಹೊತ್ತಿಗೆ ಅಮ್ಮ ಬಂದು "ಸಾಕು ಮಲೀಕೋ ತಾಯಿ" ಎಂದು ಗೋಡೆಯ ಸ್ವಿಚ್ಚನ್ನೇ ಆರಿಸುತ್ತಿದ್ದಳು. ಅಂಗಡಿ ಕೆಲಸ ಮುಗಿದಿರುತ್ತಿತ್ತಲ್ಲ, ನಾನು ಅಡ್ಡಿ ಮಾಡುತ್ತಿರಲಿಲ್ಲ. ಹಾಗೆ ದಿಢೀರನೆ ಕರೆಂಟು ಹೋದರೆ ಅದು ಅಂದು ಮಾಡಿದ್ದೆಲ್ಲ ನೀರುಪಾಲು, ಬೆಳಿಗ್ಗೆ ಪಾಪ ಮೊದಲಿನಿಂದ ಶುರು. ತಾಯಿ ಮಗಳು ಸೇರಿ ಒಬ್ಬ ಕೆಲಸಗಾರನನ್ನು ಯಾವ ಕೆಲಸವೂ ಮುಗಿಸಗೊಡದೆ, ಮುಗಿಸಲಿಲ್ಲ ಎಂದು ಬೈಯುತ್ತಿದ್ದೆವು.

ಅಪ್ಪ ಒಳಗೆ ಹೋಗಿ ತಗಡು ತಂದರು. ಅದೇ ಕೆಂಪು ತಗಡು. ಗಣಿಯಲ್ಲಿ ಒಂದು ಕಟ್ಟಳೆ ಇತ್ತು. ಯಂತ್ರದ ಹತ್ತಿರ ಕೆಲಸ ನಡೆಯುತ್ತಿದ್ದರೆ ಕೆಲಸ ಮಾಡುವವನು ಅದರ ಸ್ವಿಚ್ಚಿಗೆ ಹೀಗೊಂದು ತಗಡು ನೇತುಹಾಕುತ್ತಿದ್ದ. ಆಮೇಲೆ ಎಂಥ ಸಾಹೇಬನೇ ಬರಲಿ ಆ ಸ್ವಿಚ್ಚು ಮುಟ್ಟುವಂತಿಲ್ಲ. ಹಾಕಿದವನೇ ಬಂದು ತೆಗೆಯಬೇಕು. ಗಣಿ ಮುಚ್ಚಿದ ಮೇಲೂ ಆ ಕಟ್ಟಳೆ ನಮ್ಮ ಮನೆಯಲ್ಲಿ ಊರ್ಜಿತದಲ್ಲಿತ್ತು. ಮೊದಲು ಅಪ್ಪ ಫ್ಯಾನು ರಿಪೇರಿ ಮಾಡುವಾಗ ಹಾಕುತ್ತಿದ್ದರು. ಆಮೇಲೆ ಅಮ್ಮ ಅದನ್ನು ಮಾವಿನಕಾಯಿ ಉಪ್ಪಿನಕಾಯಿ ಜಾಡಿಗೆ ಕಟ್ಟತೊಡಗಿದಳು, ಕಳಿಯುವ ತನಕ ಯಾರೂ ಕೈ ಹಾಕುವಂತಿರಲಿಲ್ಲ. ಪರೀಕ್ಷೆಯ ಕಾಲದಲ್ಲಿ ನಾನು ಕೋಣೆಯ ಬಾಗಿಲಿಗೆ ಕಟ್ಟಿಕೊಂಡು ಒಳಗೆ ಸೊಗಸಾಗಿ ನಿದ್ದೆ ಮಾಡಿದ್ದುಂಟು. ಓದುತ್ತಿದ್ದಾಳೆಂದು ಹೊರಗೆ ಎಲ್ಲರೂ ಪಿಸುಗುಟ್ಟುತ್ತಿದ್ದರು.

ಅಪ್ಪ ಕಂಪ್ಯೂಟರಿನ ಸ್ವಿಚ್ಚಿಗೆ ತಗಡು ಕಟ್ಟಿ ಗಂಟು ಬಿಗಿದರು. ಆ ಗಂಟನ್ನು ಅವರು ಇವತ್ತಿಗೂ ಬಿಚ್ಚಿಲ್ಲ. ಸಂಜೆ ಅಮ್ಮ ಬಂದಳು, ಕೈ ಚಾಚಿದಳು, ತಗಡು ನೋಡಿ ಕೈ ಹಿಂದಕ್ಕೆಳೆದುಕೊಂಡಳು.

"ಏನ್ರೀ ಇದು? ಬೆಳಗಿಂದ ದುಡಿದೈತೆ. ಮುಟ್ಟಿ ನೋಡ್ರಿ, ಜ್ವರ ಬಂದಂಗೆ ಸುಡ್ತೈತೆ."

"ಸುಡ್ಲಿ. ಮುಗಿಸೋಗಂಟ ಯಾರೂ ಮುಟ್ಟಂಗಿಲ್ಲ" ಎಂದರು ಅಪ್ಪ.

ಅಮ್ಮ ಕಟ್ಟಳೆ ಮೀರುವವಳಲ್ಲ. ಗೊಣಗುತ್ತ ಹೋಗಿ ಅಡುಗೆಮನೆಯ ಟೇಬಲ್ ಫ್ಯಾನು ತಂದು ಕಂಪ್ಯೂಟರಿನ ಮುಂದಿಟ್ಟು ಗಾಳಿ ಬಿಟ್ಟಳು. ಅಂದು ನಾವು ಸೆಕೆಯಲ್ಲಿ ಉಂಡೆವು, ಕಂಪ್ಯೂಟರು ತಂಪಾಗಿ ದುಡಿಯಿತು. ನಾನೂ ಮೌಸು ಮುಟ್ಟಲಿಲ್ಲ. ಬಂದ ಗಿರಾಕಿಗಳಿಗೆ ನವಿಲನ್ನು ಬಾಯಲ್ಲೇ ವರ್ಣಿಸಿದೆ. ಸೆಲ್ವ ಫೋನು ಮಾಡಿ ಫಾರ್ಮ್ಯಾಟಿಗೆ ಬರಲೇ ಎಂದ, ನಮ್ಮಪ್ಪ ತಗಡು ಹಾಕಿದ್ದಾರೆ ಎಂದೆ. ಅವನೂ ಗಣಿಯ ಕಡೆಯವನಲ್ಲವೇ, "ಅಯ್ಯೋ, ಹಾಗಾದ್ರೆ ವೇಂಡಾ ಅಕ್ಕಾ, ಅವರೇ ತೆಗೆಯಲಿ" ಎಂದು ಮರುಮಾತಿಲ್ಲದೆ ಇಟ್ಟುಬಿಟ್ಟ. ಮನಸ್ಸಿನಲ್ಲಿ ಮಾತ್ರ ನನಗೆ ಅಳುಕಿತ್ತು. ಅಮಾವಾಸ್ಯೆ ಈ ವಾರದಲ್ಲೇ. ಅಪ್ಪನ ಮಾತು ಕೇಳಿ ಉಳಿದ ದಿನಗಳನ್ನೂ ಕಳೆದುಕೊಂಡೆನೇನೋ ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಹೀಗೆ ಕಾಯುತ್ತಿದ್ದಾಗ ಒಂದು ಬೆಳಿಗ್ಗೆ ಕಾಫಿ ಹಿಡಿದು ಬಂದರೆ ಕೋಣೆ ನಿಶ್ಶಬ್ದವಾಗಿದೆ. ಗುರ್ ಎನ್ನುವ ಸದ್ದಿಲ್ಲ. ನವಿಲು ತೆರೆದು ನೋಡಿದೆ, ಗರಿ ಸಮೇತ ಒಂದೇ ಸಲಕ್ಕೆ ಬಂದು ನಿಂತಿತು. ತೆರೆಯ ಮೂಲೆಯಲ್ಲಿ ಒಂದು ಪುಟ್ಟ ಚೀಟಿ ಮೂಡಿತ್ತು. ನಿಮ್ಮ ಫೋಟೊಗಳಲ್ಲಿರುವ ಮುಖಗಳನ್ನೆಲ್ಲ ಹುಡುಕಿ ಬೇರೆಬೇರೆ ಮಾಡಿ ಇಟ್ಟಿದ್ದೇನೆ, ನೋಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ನಾನು ಕಾಫಿ ಲೋಟವನ್ನು ಮೇಜಿನ ಮೇಲಿಟ್ಟೆ. ಸ್ಕ್ಯಾನರಿನ ಜೊತೆ ಬಂದ ಆ ತಂತ್ರಾಂಶ, ನಾನು ಹೂಂ ಹೂಂ ಎಂದು ಹಾಕಿಕೊಂಡದ್ದು, ಇಷ್ಟು ದಿನ ಮಾಡುತ್ತಿದ್ದ ಕೆಲಸ ಇದು! ನಾನು ಯಾವುದನ್ನು ಹುಡುಕಬೇಕೆಂದು ಒದ್ದಾಡುತ್ತಿದ್ದೆನೋ ಅದನ್ನೇ ಅದು ಹುಡುಕುತ್ತಿತ್ತು, ಹುಡುಕಲು ಬಿಡುತ್ತಿಲ್ಲವೆಂದು ನಾನು ಅದನ್ನೇ ಕೊಲ್ಲುತ್ತಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳ ಕಥೆ ಕೇಳಿ ನಕ್ಕಿದ್ದೆ. ನಾನು ಆ ಕೂಸಿನ ಬಾಯಿಯನ್ನೂ ಮುಚ್ಚಿದ್ದೆ.

ಅಮ್ಮನನ್ನೂ ಅಪ್ಪನನ್ನೂ ಕೂಗಿದೆ. ತೆರೆಯ ತುಂಬ ಸಾಲುಸಾಲು ದುಂಡನೆಯ ಮುಖಗಳು. ಕಂಪ್ಯೂಟರಿನ ಜಾಣತನದ ಜೊತೆಗೆ ಅದರ ಪೆದ್ದುತನವೂ ಕಾಣಿಸಿತು. ಅಪ್ಪನ ಮೀಸೆಯನ್ನು ಊರಬಾಗಿಲ ಮುನೇಶ್ವರನ ಮೀಸೆಯ ಜೊತೆ ಸೇರಿಸಿ ಇಬ್ಬರೂ ಒಬ್ಬರೇ ಎಂದು ತೀರ್ಮಾನಿಸಿತ್ತು. "ನೋಡ್ದಾ!" ಎಂದು ಅಪ್ಪ ಅಮ್ಮನ ಕಡೆ ತಿರುಗಿ ಮೀಸೆ ತೀಡಿದರು. ಕೆಳಗೆ ಬಂದಂತೆ ಅಮ್ಮನ ಸಾಲು ಬಂತು. ಅದರ ಪಕ್ಕ ಕಂಪ್ಯೂಟರು ಒಂದು ಪ್ರಶ್ನೆ ಕೇಳಿತ್ತು. ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟು, ಇವರಿಬ್ಬರೂ ಒಬ್ಬರೇನಾ ಎಂದು ಕೇಳಿತ್ತು.

ಎಡಗಡೆ ಅಮ್ಮ, ಅದರ ಹಿಂದಿನ ವರ್ಷ ನಮ್ಮ ಮನೆಯ ಪೂಜೆಯಲ್ಲಿ ತೆಗೆದದ್ದು. ಬಲಗಡೆಯದೂ ಅಮ್ಮನೇ ಎಂದುಕೊಂಡೆ. ಆದರೆ ಆ ಮುಖದಲ್ಲಿ ಮೂಗಿನ ಎರಡೂ ಕಡೆ ಬೊಟ್ಟು ಇತ್ತು, ಅಮ್ಮನಿಗೆ ಇರುವುದು ಒಂದೇ ಕಡೆ. ಪೂರ್ತಿ ಫೋಟೊ ತೆರೆದೆ. ಅಮ್ಮನ ದೊಡ್ಡಪ್ಪನ ಮಗನ ಮದುವೆ. ನಡುವೆ ಗಂಡುಹೆಣ್ಣು ಕ್ಯಾಮೆರಾಗೆ ಬಿಗಿದುಕೊಂಡು ಕೂತಿದ್ದಾರೆ. ದೂರದ ಮೂಲೆಯಲ್ಲಿ, ಬಾಳೆಕಂಬದ ಹಿಂದೆ, ಒಬ್ಬ ಹೆಂಗಸು ಯಾವುದೋ ಮಗುವಿಗೆ ಬೆಲ್ಲ ತಿನ್ನಿಸುತ್ತ ನಗುತ್ತಿದ್ದಾರೆ. ಫೋಟೊದವನು ಇರುವುದೇ ಅವರಿಗೆ ಗೊತ್ತಿಲ್ಲ. ಈ ಫೋಟೊವನ್ನು ಅಮ್ಮ ಆಲ್ಬಮ್ಮಿನಲ್ಲಿ ಎಷ್ಟೋ ಸಲ ನೋಡಿದ್ದಳು. ಗಂಡುಹೆಣ್ಣನ್ನು ಮಾತ್ರ ನೋಡಿದ್ದಳು.

ಅಪ್ಪ ಒಂದು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದರು. ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ್ದ ಲುಂಗಿಯನ್ನು ತಟ್ಟನೆ ಕೆಳಗೆ ಬಿಟ್ಟರು. "ನಮ್ಮತ್ತೆ" ಎಂದರು.

ಅಮ್ಮ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು. ತೆರೆಯ ಹತ್ತಿರ ಮುಖ ಒಯ್ದಳು. ಆಮೇಲೆ ಬಹಳ ಮೆಲ್ಲಗೆ, "ಇಷ್ಟ್ ಚಿಕ್ಕೋಳಿದ್ಲಾ?" ಎಂದಳು. "ನಂಗಿಂತ ಚಿಕ್ಕೋಳ್ ಕಣೇ. ನಾನ್ ಮುದುಕಿ ಅನ್ಕೊಂಡಿದ್ದೆ." ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಮುಖ ನಗುತ್ತಿತ್ತು.

ಇಬ್ಬರೂ ಒಬ್ಬರೇನಾ ಎಂದು ಕೇಳುತ್ತಿದೆ, ಏನು ಹೇಳಲಿ ಎಂದೆ. "ಅಲ್ಲ ಅನ್ನು. ನಾನ್ ನಾನೇ, ಅವ್ಳು ಅವ್ಳೇ" ಎಂದಳು. ಅಲ್ಲ ಎಂದು ಒತ್ತಿದೆ. ಹಾಗಾದರೆ ಇವರು ಯಾರು ಎಂದು ಅದು ಹೆಸರು ಕೇಳಿತು. ಅಜ್ಜಿ ಎಂದು ಬರೆಯಲೇ ಎಂದರೆ, ಊರಿಗೆಲ್ಲ ಅಜ್ಜಿಯರಿದ್ದಾರೆ, ಅವಳ ಹೆಸರು ಬರೆ ಎಂದಳು. ಆ ಹೆಸರು ನನಗೆ ಗೊತ್ತೇ ಇರಲಿಲ್ಲ. ಹೆತ್ತವಳ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ಅಮ್ಮನಿಗೂ ಇರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಮುನಿವೆಂಕಟಮ್ಮ" ಎಂದಳು.

ಆ ಮುಖವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆ. ಹುಣಸೆ ಬೀಜದಷ್ಟಿದ್ದದ್ದನ್ನು ಅಷ್ಟು ಹಿಗ್ಗಿಸಿದರೆ ಏನಾಗುತ್ತದೆ, ಸ್ವಲ್ಪ ಮಂಜು ಕವಿದಂತಿದೆ. ನಗು ಮಾತ್ರ ಸ್ಪಷ್ಟವಾಗಿದೆ. ಅಮಾವಾಸ್ಯೆಯ ದಿನ ಅಮ್ಮ ತಾತನ ಪಟದ ಪಕ್ಕದ ಮಣೆಯ ಮೇಲೆ ಅದನ್ನಿಟ್ಟು, ಹೂವು ಮುಡಿಸಿ, ಹೊಸ ಸೀರೆ ಇಟ್ಟಳು. ಬಾಳೆ ಎಲೆಯ ಮೇಲೆ ಮುದ್ದೆ, ಅವರೆಕಾಳು ಸಾರು, ವಡೆ, ಪಾಯಸ ಎಲ್ಲ ಬಡಿಸಿದಳು. ಬಡಿಸಿದ ಮೇಲೆ ಮನೆಯವರೆಲ್ಲ ಹೊರಗೆ ಬಂದು ಕದ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕಾಯುವುದು ನಮ್ಮಲ್ಲಿ ಪದ್ಧತಿ. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು.

ಅಪ್ಪ ಹೊರಗೆ ಬಂದರು, ನಾನು ಬಂದೆ. ಕದ ಎಳೆದುಕೊಳ್ಳಲು ಹೋದರೆ ಒಳಗಿನಿಂದ ಅಮ್ಮ ಕೈಯಡ್ಡ ಹಿಡಿದಳು.

"ಕದ ಆಕ್ಬ್ಯಾಡ" ಎಂದಳು.

"ಪದ್ಧತಿ ಕಣಮ್ಮಾ" ಎಂದೆ.

"ಇಷ್ಟ್ ವರ್ಷಕ್ಕೆ ಮೊಕ ತೋರ್ಸವ್ಳೆ. ಈಗ ನಾನು ಕದ ಆಕ್ಕೊಂಡು ಆಚೆ ಕುಂತ್ರೆ ಏನ್ ಚೆಂದಾನೇ?"

ಎಂದವಳು ತನಗೂ ಒಂದು ಎಲೆ ಹಾಕಿಕೊಂಡು, ಪಟದ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಮುದ್ದೆ ಮುರಿದಳು.